ಒಡಕಿನ ಕಾಲದಲ್ಲಿ ಮುಂದಾಳಿನ ಧರ್ಮ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠವೊಂದು ಅನೇಕ ವರ್ಷಗಳನ್ನು ಕಂಡು ಮಹೋತ್ಸವವನ್ನಾಚರಿಸುವ ಮಂಗಲ ಸಮಯದಲ್ಲಿ ಭಕ್ತರ ಮನಸ್ಸು ಕಳೆದ ದಿನಗಳ ಸಾಧನೆಗಳ ಕಡೆಗೆ ತಿರುಗುವುದು ಸಹಜವೇ ಆಗಿದೆ. ಎದ್ದುನಿಂತ ಕಟ್ಟಡಗಳೆಷ್ಟು, ನಡೆದುಬಂದ ದಾಸೋಹವೆಷ್ಟು, ಇಲ್ಲಿ ಉಂಡು ಓದಿ ಹೋದ ವಿದ್ಯಾರ್ಥಿಗಳೆಷ್ಟು ಎಂಬುದನ್ನು ಎಣಿಸಿ ಹೇಳಬಹುದು. ಆದರೆ ಎಣಿಕೆಗೆ ಸಿಕ್ಕದ ಮತ್ತೊಂದು ಸಾಧನೆಯುಂಟು. ಹಲವು ಮನಸ್ಸುಗಳು ಹಲವು ಕಡೆಗೆ ಎಳೆಯುತ್ತಿದ್ದಾಗಲೂ ಸಂಸ್ಥೆಯು ಒಡೆಯದೆ ಉಳಿದುಬಂದುದೇ ಆ ಸಾಧನೆ. ದೀರ್ಘಕಾಲ ಬಾಳಿದ ಯಾವ ಸಂಸ್ಥೆಯ ಒಳಗನ್ನು ನೋಡಿದರೂ ಅಲ್ಲಿ ವಾದವಿವಾದಗಳು ನಡೆದಿರುತ್ತವೆ, ಮುನಿಸುಗಳು ಹುಟ್ಟಿರುತ್ತವೆ. ವಿವಾದವೇ ಇಲ್ಲದ್ದರಿಂದ ಅದು ಬಾಳಿತೆಂದು ಹೇಳುವಂತಿಲ್ಲ. ವಿವಾದವು ವೈರವಾಗಿ ಬಲಿಯದಂತೆ ಕಾದವರಿದ್ದುದರಿಂದ ಬಾಳಿತೆಂದು ಹೇಳುವುದೇ ಸತ್ಯ.

ಭಿನ್ನಾಭಿಪ್ರಾಯವು ಸ್ವತಃ ದೋಷವಲ್ಲ. ಅನುಭವಮಂಟಪದ ಹೆಸರನ್ನು ಹೇಳಿ ಬೆಳೆದ ಭಕ್ತವೃಂದಕ್ಕೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಶೂನ್ಯಸಂಪಾದನೆಯು ಮೊದಲಿನಿಂದ ಕೊನೆಯವರೆಗೆ ಸಂವಾದರೂಪದ ಗ್ರಂಥ. ಅಲ್ಲಿ ಪ್ರಶ್ನೆ ಕೇಳುವುದನ್ನು ಯಾರೂ ಅವಮಾನವೆಂದು ಬಗೆದಿಲ್ಲ. ಆದರೆ ಲೋಕವ್ಯವಹಾರದಲ್ಲಿ ಅಭಿಪ್ರಾಯಭೇದದಿಂದ ಮನೋಭೇದಕ್ಕೆ ಹೋಗುವ ದಾರಿ ಬಹಳ ಚಿಕ್ಕದು. ಎದುರಿಗೆ ಆಡದೆ ಉಳಿಸಿಕೊಂಡ ಮಾತು, ಬೆನ್ನಹಿಂದೆ ಆಡಿದ ಮಾತು, ತನ್ನ ಕಡೆಯವರೆಷ್ಟು ಅವರ ಕಡೆಯವರೆಷ್ಟು ಎಂದು ಮಾಡುವ ತಲೆಯೆಣಿಕೆ, ಇವುಗಳಿಂದ ಆ ದಾರಿ ಸವೆಯುತ್ತದೆ. ಆ ದಾರಿಯಲ್ಲಿ ಕಾವಲು ನಿಲ್ಲುವುದೇ ಮುಂದಾಳಿನ ಧರ್ಮ. ಈ ಧರ್ಮವನ್ನು ಬರಿಯ ಉಪದೇಶದಿಂದ ತಿಳಿಯುವುದಕ್ಕಿಂತ, ನಡೆದುಹೋದ ಒಂದು ಪ್ರಸಂಗದಲ್ಲಿ ನಿಜವಾದ ಮನುಷ್ಯರು ನಿಜವಾದ ಇಕ್ಕಟ್ಟಿನಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ನೋಡಿ ತಿಳಿಯುವುದು ಲೇಸು. ಅಂತಹ ಪ್ರಸಂಗವೊಂದರ ಕೊನೆಯ ಅಂಕವು ಕನ್ನಡ ನೆಲದಲ್ಲಿಯೇ ನಡೆಯಿತು. 1924ನೆಯ ಇಸವಿಯ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಸೇರಿದ ರಾಷ್ಟ್ರೀಯ ಕಾಂಗ್ರೆಸಿನ 39ನೆಯ ಅಧಿವೇಶನವೇ ಅದು. ಮಹಾತ್ಮಾ ಗಾಂಧಿಯವರು ತಮ್ಮ ಜೀವಮಾನದಲ್ಲಿ ಕಾಂಗ್ರೆಸಿನ ಅಧ್ಯಕ್ಷಪೀಠವನ್ನೇರಿದುದು ಅದೊಂದೇ ಸಲ. 2024ರಲ್ಲಿ ಅದಕ್ಕೆ ನೂರು ವರ್ಷ ತುಂಬಿದಾಗ ನಾಡಿನಲ್ಲಿ ಅದರ ವೈಭವವನ್ನು ನೆನೆದವರು ಬಹಳ. ಆ ಪೀಠವನ್ನು ಅವರು ಏರಬೇಕಾಗಿ ಬಂದ ಕಾರಣವು ಮಾತ್ರ ವೈಭವದ್ದಾಗಿರಲಿಲ್ಲ. ಒಡೆಯುವ ಅಂಚಿನಲ್ಲಿದ್ದ ಮನೆಯನ್ನು ಕೂಡಿಸುವುದು ಆಗಿನ ಕೆಲಸವಾಗಿತ್ತು.

ಒಡಕಿನ ಮೂಲವನ್ನು ಸ್ವಲ್ಪದರಲ್ಲಿ ಹೇಳುವುದು ಅವಶ್ಯ. 1920ರಲ್ಲಿ ಕಾಂಗ್ರೆಸು ಅಸಹಕಾರದ ಮಾರ್ಗವನ್ನು ಹಿಡಿಯಿತು. ಸರಕಾರದ ಶಾಸನಸಭೆಗಳಿಗೆ ಹೋಗಕೂಡದು, ನ್ಯಾಯಾಲಯಗಳನ್ನೂ ಸರಕಾರಿ ಶಾಲೆಗಳನ್ನೂ ಬಿಡಬೇಕು, ಖಾದಿಯನ್ನು ಉಡಬೇಕು ಎಂಬುದು ಅದರ ವಿಧಿ. 1922ರ ಫೆಬ್ರವರಿಯಲ್ಲಿ ಚೌರಿಚೌರಾ ಎಂಬ ಊರಿನಲ್ಲಿ ಉದ್ರಿಕ್ತ ಜನರು ಠಾಣೆಗೆ ಬೆಂಕಿಯಿಟ್ಟು ಇಪ್ಪತ್ತಕ್ಕೂ ಹೆಚ್ಚು ಪೊಲೀಸರನ್ನು ಕೊಂದಾಗ, ಗಾಂಧಿಯವರು ಸಾಮೂಹಿಕ ಕಾಯಿದೆಭಂಗದ ಚಳವಳಿಯನ್ನು ನಿಲ್ಲಿಸಿಬಿಟ್ಟರು. ಮಾರ್ಚಿಯಲ್ಲಿ ಅವರ ಬಂಧನವಾಗಿ ಆರು ವರ್ಷಗಳ ಸಜೆಯಾಯಿತು. ಹೋರಾಟ ನಿಂತಿತು, ಮುಂದಾಳು ಸೆರೆಮನೆ ಸೇರಿದರು. ಮುಂದೇನು ಎಂಬ ಪ್ರಶ್ನೆ ಹೊರಗುಳಿದವರ ಪಾಲಿಗೆ ಬಂದಿತು.

ಆ ಪ್ರಶ್ನೆಗೆ ಎರಡು ಉತ್ತರಗಳು ಹುಟ್ಟಿದವು. ಶಾಸನಸಭೆಗಳನ್ನು ಹೊರಗಿನಿಂದ ಬಹಿಷ್ಕರಿಸಿದ್ದು ಸಾಕು, ಚುನಾವಣೆಗೆ ನಿಂತು ಒಳಹೊಕ್ಕು ಸರಕಾರವನ್ನು ಅಲ್ಲಿಯೇ ತಡೆಯಬೇಕು ಎಂದವರು ದೇಶಬಂಧು ಚಿತ್ತರಂಜನ ದಾಸರೂ ಪಂಡಿತ ಮೋತಿಲಾಲ ನೆಹರೂ ಅವರೂ. ಗಾಂಧಿಯವರು ಹಾಕಿಕೊಟ್ಟ ದಾರಿಯನ್ನು ಒಂದಿಂಚೂ ಬದಲಿಸಕೂಡದು, ಖಾದಿ ಮೊದಲಾದ ರಚನಾತ್ಮಕ ಕಾರ್ಯದಲ್ಲಿಯೇ ನಿಲ್ಲಬೇಕು ಎಂದವರು ರಾಜಗೋಪಾಲಾಚಾರ್ಯರು, ವಲ್ಲಭಭಾಯಿ ಪಟೇಲರು, ರಾಜೇಂದ್ರಪ್ರಸಾದರು ಮೊದಲಾದವರು. ಈ ಎರಡು ಗುಂಪುಗಳಲ್ಲಿ ಒಂದು ಸಜ್ಜನರದು, ಇನ್ನೊಂದು ದುರ್ಜನರದು ಎನ್ನುವಂತಿರಲಿಲ್ಲ. ದಾಸರೂ ಮೋತಿಲಾಲರೂ ರಾಜೈಶ್ವರ್ಯವನ್ನು ತರುತ್ತಿದ್ದ ವಕೀಲಿಯನ್ನು ದೇಶಕ್ಕಾಗಿ ತೊರೆದು ಬಂದವರು. ರಾಜಗೋಪಾಲಾಚಾರ್ಯರೂ ಪಟೇಲರೂ ಹಾಗೆಯೇ ತೊರೆದು ಬಂದವರು. ಕಳ್ಳನಿಗೂ ದೊರೆಗೂ ನಡೆಯುವ ಜಗಳದಲ್ಲಿ ತೀರ್ಪು ಸುಲಭ. ತ್ಯಾಗಿಗೂ ತ್ಯಾಗಿಗೂ ನಡುವೆ ಹುಟ್ಟಿದ ಜಗಳವೇ ಕಷ್ಟದ್ದು, ಏಕೆಂದರೆ ಅಲ್ಲಿ ಪ್ರತಿಯೊಬ್ಬನಿಗೂ ತನ್ನ ಮನಸ್ಸು ಶುದ್ಧವಾಗಿದೆಯೆಂಬ ನಂಬಿಕೆಯಿರುತ್ತದೆ.

1922ರ ಡಿಸೆಂಬರಿನಲ್ಲಿ ಗಯೆಯಲ್ಲಿ ಅಧಿವೇಶನ ಸೇರಿತು. ಅಧ್ಯಕ್ಷರಾಗಿದ್ದವರು ದಾಸರೇ. ಶಾಸನಸಭಾ ಪ್ರವೇಶದ ಪರವಾಗಿ 890 ಮತಗಳೂ ವಿರುದ್ಧವಾಗಿ 1740 ಮತಗಳೂ ಬಂದು ಅಧ್ಯಕ್ಷರ ಪಕ್ಷವೇ ಸೋತಿತು. ದಾಸರು ಅಧ್ಯಕ್ಷಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1923ರ ಜನವರಿ 1ರಂದು ಕಾಂಗ್ರೆಸಿನ ಒಳಗೆಯೇ ಸ್ವರಾಜ್ಯ ಪಕ್ಷವು ಸ್ಥಾಪಿತವಾಯಿತು. ಸೆಪ್ಟೆಂಬರಿನಲ್ಲಿ ಮೌಲಾನಾ ಆಜಾದರ ಅಧ್ಯಕ್ಷತೆಯಲ್ಲಿ ದಿಲ್ಲಿಯಲ್ಲಿ ಸೇರಿದ ವಿಶೇಷ ಅಧಿವೇಶನವು, ಮನಸ್ಸು ಒಪ್ಪಿದವರು ಚುನಾವಣೆಗೆ ನಿಲ್ಲಬಹುದೆಂದು ಅನುಮತಿಯಿತ್ತಿತು. ಸ್ವರಾಜ್ಯ ಪಕ್ಷದವರು ನಿಂತರು, ಗೆದ್ದರು. ಕೇಂದ್ರ ಶಾಸನಸಭೆಯಲ್ಲಿಯೂ ಬಂಗಾಲ ಮತ್ತು ಮಧ್ಯಪ್ರಾಂತಗಳಲ್ಲಿಯೂ ಪ್ರಬಲರಾದರು. ಹೀಗೆ ಒಂದೇ ಮನೆಯಲ್ಲಿ ಎರಡು ಒಲೆಗಳು ಉರಿಯತೊಡಗಿದವು.

ಈ ಸ್ಥಿತಿಯಲ್ಲಿ 1924ರ ಜನವರಿಯಲ್ಲಿ ಸೆರೆಯಲ್ಲಿದ್ದ ಗಾಂಧಿಯವರಿಗೆ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಫೆಬ್ರವರಿ 5ರಂದು ಅವರ ಬಿಡುಗಡೆಯಾಯಿತು. ದೇಶವೆಲ್ಲ ಅವರ ಒಂದು ಮಾತಿಗಾಗಿ ಕಾದಿತ್ತು. ಅವರದೇ ದಾರಿಯನ್ನು ಹಿಡಿದು ನಿಂತಿದ್ದ ಪಕ್ಷಕ್ಕಂತೂ ಆ ಮಾತು ಏನೆಂಬುದರಲ್ಲಿ ಸಂಶಯವೇ ಇರಲಿಲ್ಲ. ಸ್ವರಾಜ್ಯ ಪಕ್ಷದವರು ತಪ್ಪಿದರೆಂದು ಅಂದೇ ಒಂದು ಹೇಳಿಕೆ ಕೊಟ್ಟಿದ್ದರೆ ಅದು ಅವರ ಮನಸ್ಸಿಗೆ ವಿರುದ್ಧವಾಗಿಯೂ ಇರುತ್ತಿರಲಿಲ್ಲ. ಆದರೆ ಅವರು ಹಾಗೆ ಮಾಡಲಿಲ್ಲ. ಎದುರುಪಕ್ಷದವರನ್ನು ಮುಖತಃ ಕಂಡು ಕೇಳುವವರೆಗೆ ಬಹಿರಂಗವಾಗಿ ತೀರ್ಪು ಕೊಡುವುದಿಲ್ಲವೆಂದು ತಡೆದರು. ಮುಂಬಯಿಯ ಹತ್ತಿರ ಜುಹೂ ಕಡಲತೀರದಲ್ಲಿ ವಿಶ್ರಾಂತಿಯಲ್ಲಿದ್ದಾಗ ದಾಸರೂ ಮೋತಿಲಾಲರೂ ಅಲ್ಲಿಗೆ ಬಂದರು. ದೀರ್ಘವಾದ ಚರ್ಚೆಗಳು ನಡೆದವು.

ಆ ಚರ್ಚೆಯಿಂದ ಒಮ್ಮತವು ಹುಟ್ಟಲಿಲ್ಲ. ಹುಟ್ಟದಿದ್ದುದನ್ನು ಹುಟ್ಟಿತೆಂದು ಯಾರೂ ಹೇಳಲಿಲ್ಲವೆಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ. ಮೇ ತಿಂಗಳಲ್ಲಿ ಎರಡು ಕಡೆಯವರೂ ಬೇರೆ ಬೇರೆ ಹೇಳಿಕೆಗಳನ್ನು ಪ್ರಕಟಿಸಿದರು. ಶಾಸನಸಭಾ ಪ್ರವೇಶವು ಅಸಹಕಾರಕ್ಕೆ ಹೊಂದುವುದಿಲ್ಲವೆಂಬ ತಮ್ಮ ಅಭಿಪ್ರಾಯವು ಬದಲಾಗಿಲ್ಲವೆಂದು ಗಾಂಧಿಯವರು ಸ್ಪಷ್ಟವಾಗಿ ಬರೆದರು. ಅದರ ಜೊತೆಗೇ, ಕಾಂಗ್ರೆಸು ಅನುಮತಿ ಕೊಟ್ಟಿರುವುದರಿಂದ ಒಳಹೋದವರಿಗೆ ಅಡ್ಡಿಮಾಡಕೂಡದೆಂದೂ, ತಮ್ಮ ಮತದವರು ಅವರ ಚಿಂತೆಯನ್ನು ಬಿಟ್ಟು ರಚನಾತ್ಮಕ ಕಾರ್ಯದಲ್ಲಿ ತಮ್ಮ ಶ್ರದ್ಧೆಯನ್ನು ತೋರಿಸಬೇಕೆಂದೂ ತಿಳಿಸಿದರು. ಸಭೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧವಾದುದು. ಒಳಗೆ ಭಿನ್ನಮತವನ್ನು ಮುಚ್ಚಿ ಹೊರಗೆ ಎಲ್ಲವೂ ಸರಿಯಿದೆಯೆಂದು ಹೇಳುವುದುಂಟು. ಇಲ್ಲವೆ ಭಿನ್ನಮತವನ್ನು ಹೇಳುವ ನೆಪದಲ್ಲಿ ಎದುರಿನವರ ಪ್ರಾಮಾಣಿಕತೆಯನ್ನೇ ಶಂಕಿಸುವುದುಂಟು. ಮುಚ್ಚಿದ ಹುಣ್ಣು ಒಳಗೇ ಕೊಳೆಯುತ್ತದೆ, ಕೆರೆದ ಹುಣ್ಣು ಹರಡುತ್ತದೆ. ಭೇದವಿರುವುದು ಇಂತಹ ವಿಷಯದಲ್ಲಿ, ಇಷ್ಟರ ಮಟ್ಟಿಗೆ, ಇದರಾಚೆಗಿಲ್ಲ ಎಂದು ಗೆರೆಯೆಳೆದು ತೋರಿಸುವುದು ಮುಂದಾಳಿನ ಮಾತಿನ ಮೊದಲನೆಯ ಕೆಲಸ.

ಇಷ್ಟು ತಿಳಿದವರೂ ಎಡವಬಹುದು ಎಂಬುದಕ್ಕೆ ಮುಂದಿನ ತಿಂಗಳೇ ಸಾಕ್ಷಿ. 1924ರ ಜೂನ್ ತಿಂಗಳ ಕೊನೆಯಲ್ಲಿ ಅಹಮದಾಬಾದಿನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಸೇರಿತು. ಕಾಂಗ್ರೆಸಿನ ಚುನಾಯಿತ ಸಮಿತಿಗಳಲ್ಲಿರುವ ಪ್ರತಿಯೊಬ್ಬರೂ ತಿಂಗಳಿಗೆ 2000 ಗಜ ನೂಲನ್ನು ತಾವೇ ನೂತು ಕಳುಹಿಸಬೇಕು, ತಪ್ಪಿದವರ ಸ್ಥಾನವು ತೆರವಾಯಿತೆಂದು ತಿಳಿಯಬೇಕು ಎಂಬ ಠರಾವನ್ನು ಗಾಂಧಿಯವರು ತಂದರು. ನೂಲುವುದರಲ್ಲಿ ಅವರಿಗಿದ್ದ ಶ್ರದ್ಧೆ ನಿಷ್ಕಪಟವಾದುದು. ಆದರೆ ಸ್ವರಾಜ್ಯ ಪಕ್ಷದವರಿಗೆ ಅದು ತಮ್ಮನ್ನು ಸಮಿತಿಗಳಿಂದ ಹೊರದೂಡುವ ಉಪಾಯವಾಗಿ ಕಂಡಿತು. ಮೋತಿಲಾಲರೂ ದಾಸರೂ ತಮ್ಮ ಸಂಗಡಿಗರೊಡನೆ ಸಭೆಯನ್ನು ಬಿಟ್ಟು ಹೊರನಡೆದರು. ಉಳಿದವರ ಮತ ತೆಗೆದುಕೊಂಡಾಗ ಶಿಕ್ಷೆಯ ಆ ಅಂಶದ ಪರವಾಗಿ 67, ವಿರುದ್ಧವಾಗಿ 37 ಮತಗಳು ಬಂದವು. ಠರಾವು ಗೆದ್ದಿತು.

ಬೇರೊಬ್ಬ ಮುಂದಾಳಾಗಿದ್ದರೆ ಅಲ್ಲಿಗೆ ಲೆಕ್ಕ ಮುಗಿಯುತ್ತಿತ್ತು. ನಿಯಮದಂತೆ ಸಭೆ ನಡೆದಿದೆ, ನಿಯಮದಂತೆ ಮತಗಳು ಬಿದ್ದಿವೆ, ಎದ್ದುಹೋದವರ ತಪ್ಪು ಅವರದೇ ಎಂದು ಹೇಳಬಹುದಾಗಿತ್ತು. ಗಾಂಧಿಯವರು ಎದ್ದುಹೋದವರನ್ನೂ ಲೆಕ್ಕಕ್ಕೆ ಹಿಡಿದರು. ಅವರೂ ಕುಳಿತು ಮತ ಕೊಟ್ಟಿದ್ದರೆ ಆ ಅಂಶವು ಬೀಳುತ್ತಿತ್ತೆಂಬುದನ್ನು ಕಂಡು, ಗೆದ್ದ ಅಂಶವನ್ನು ತಾವೇ ತೆಗೆದುಹಾಕಿಸಿದರು. ಖಾಲಿ ಬಿದ್ದ ಆಸನಗಳಿಗೂ ಒಂದು ಮತವುಂಟೆಂಬುದನ್ನು ಈ ರೀತಿ ಕಂಡುಕೊಂಡ ಮುಂದಾಳುಗಳು ಅಪರೂಪ.

ಅದೇ ಸಭೆಯಲ್ಲಿ ಇನ್ನೊಂದು ಕಠಿನವಾದ ಪ್ರಶ್ನೆಯು ಬಂದಿತು. ಗೋಪೀನಾಥ ಸಾಹಾ ಎಂಬ ಬಂಗಾಲದ ತರುಣನು ಪೊಲೀಸ್ ಅಧಿಕಾರಿಯೊಬ್ಬನೆಂದು ತಪ್ಪಾಗಿ ತಿಳಿದು ಮತ್ತೊಬ್ಬ ಆಂಗ್ಲನನ್ನು ಗುಂಡಿಟ್ಟು ಕೊಂದು, 1924ರ ಮಾರ್ಚಿಯಲ್ಲಿ ಗಲ್ಲಿಗೇರಿದ್ದನು. ಬಂಗಾಲದ ಪ್ರಾಂತಿಕ ಪರಿಷತ್ತು ಅವನ ದೇಶಪ್ರೇಮವನ್ನು ಕೊಂಡಾಡಿತ್ತು. ಕೊಲೆಯನ್ನು ಖಂಡಿಸುವ ಠರಾವನ್ನು ಗಾಂಧಿಯವರು ಮುಂದಿಟ್ಟರು. ದಾಸರು ತಿದ್ದುಪಡಿಯನ್ನು ತಂದರು. 78 ಮತಗಳಿಗೆ 70 ಮತಗಳು ಎದುರಾಗಿ, ಎಂಟೇ ಮತಗಳ ಅಂತರದಿಂದ ಗಾಂಧಿಯವರ ಠರಾವು ಉಳಿಯಿತು. ತುಂಬಿದ ಸಭೆಯಲ್ಲಿ ಅವರ ಕಣ್ಣಲ್ಲಿ ನೀರು ಬಂದಿತು. ಕೆಲವು ದಿನಗಳಲ್ಲಿಯೇ ತಮ್ಮ ಆಂಗ್ಲ ವಾರಪತ್ರಿಕೆಯಾದ ಯಂಗ್ ಇಂಡಿಯಾದಲ್ಲಿ ಈ ಸಭೆಯ ವಿಷಯವಾಗಿ ಲೇಖನ ಬರೆದರು. ತಾವು ಸೋತುದಾಗಿಯೂ ತಮ್ಮ ತಲೆ ತಗ್ಗಿದುದಾಗಿಯೂ ಅದರ ತಲೆಬರಹವೇ ಸಾರುತ್ತಿತ್ತು. ಎಲ್ಲ ಠರಾವುಗಳಲ್ಲಿಯೂ ಗೆದ್ದವನು ಸೋತೆನೆಂದು ಬರೆದುದು ಲೋಕಕ್ಕೆ ವಿಚಿತ್ರವಾಗಿ ತೋರಿತು. ಆದರೆ ಅವರ ಲೆಕ್ಕವು ಸರಿಯಾಗಿಯೇ ಇತ್ತು. ಅಹಿಂಸೆಯನ್ನು ಪ್ರತಿಜ್ಞೆಯಾಗಿ ಹೊತ್ತ ಸಮಿತಿಯಲ್ಲಿ ಎಪ್ಪತ್ತು ಜನರ ಮನಸ್ಸು ಬೇರೆ ಕಡೆಗಿದ್ದರೆ, ಎಂಟು ಮತಗಳ ಅಂತರವು ಯಾವ ಮನಸ್ಸನ್ನೂ ತಿರುಗಿಸಿದಂತಾಗಲಿಲ್ಲ. ಬಹುಮತವು ಕೆಲಸವನ್ನು ಮುಂದಕ್ಕೆ ಸಾಗಿಸಬಲ್ಲುದು. ಅದಕ್ಕೆ ಒಪ್ಪಿಗೆಯ ಸ್ಥಾನವನ್ನು ಕೊಟ್ಟು ನೆಮ್ಮದಿಯಿಂದಿರುವ ಮುಂದಾಳು, ಗೋಡೆಯ ಬಿರುಕಿಗೆ ಸುಣ್ಣ ಬಳಿದು ಮನೆ ಭದ್ರವಾಯಿತೆಂದು ಮಲಗಿದವನಂತೆ.

ಅಹಮದಾಬಾದಿನ ಪೆಟ್ಟಿನಿಂದ ಅವರ ನಡೆಯೇ ಬದಲಾಯಿತು. ಮತಗಳನ್ನು ಕೂಡಿಸಿ ಕಾಂಗ್ರೆಸನ್ನು ತಮ್ಮ ಹಿಡಿತದಲ್ಲಿಟ್ಟುಕೊಳ್ಳುವ ಸ್ಪರ್ಧೆಗೆ ತಾವು ಇಳಿಯುವುದಿಲ್ಲವೆಂದೂ, ತಮ್ಮ ಮತದವರೂ ಇಳಿಯಕೂಡದೆಂದೂ ಅವರು ನಿಶ್ಚಯಿಸಿದರು. ಅಷ್ಟರಲ್ಲಿ ಕೋಹಾಟಿನಲ್ಲಿ ಹಿಂದೂ ಮುಸಲ್ಮಾನರ ನಡುವೆ ಘೋರವಾದ ಗಲಭೆಯಾಗಲು, ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಮೌಲಾನಾ ಮಹಮದಾಲಿಯವರ ಮನೆಯಲ್ಲಿಯೇ ಇಪ್ಪತ್ತೊಂದು ದಿನಗಳ ಉಪವಾಸವನ್ನು ಕೈಕೊಂಡರು. ಅದು ಬೇರೊಂದು ಕಥೆ; ಆದರೆ ಮಾತು ಮುಟ್ಟದ ಕಡೆಗೆ ನಡತೆಯೇ ಮಾತಾಗಬೇಕೆಂಬುದನ್ನು ತೋರಿಸುವಷ್ಟರ ಮಟ್ಟಿಗೆ ಇಲ್ಲಿಗೂ ಸಲ್ಲುತ್ತದೆ.

ಅಕ್ಟೋಬರ್ 25ರಂದು ಬಂಗಾಲದಲ್ಲಿ ಸರಕಾರವು ಒಂದು ವಿಶೇಷಾಜ್ಞೆಯನ್ನು ಹೊರಡಿಸಿ ವಿಚಾರಣೆಯಿಲ್ಲದೆ ಹಲವರನ್ನು ಬಂಧಿಸಿತು. ಕಲಕತ್ತೆಯ ನಗರಸಭೆಯ ಮುಖ್ಯಾಧಿಕಾರಿಯಾಗಿದ್ದ ಸುಭಾಷಚಂದ್ರ ಬೋಸರೂ ಸೆರೆಯಾದರು. ಪೆಟ್ಟು ಬಿದ್ದುದು ಮುಖ್ಯವಾಗಿ ದಾಸರ ಪಕ್ಷದ ಮೇಲೆ. ಎದುರುಪಕ್ಷವು ಹೊರಗಿನವರಿಂದ ಪೆಟ್ಟು ತಿಂದಾಗ ಮುಂದಾಳಿನ ಪರೀಕ್ಷೆಯಾಗುತ್ತದೆ. ತಾನು ಮೊದಲೇ ಹೇಳಿರಲಿಲ್ಲವೇ ಎಂದು ಹಳೆಯ ಬಾಕಿಯನ್ನು ವಸೂಲು ಮಾಡಲು ಅದಕ್ಕಿಂತ ಅನುಕೂಲವಾದ ಸಮಯವಿಲ್ಲ. ಹಾಗೆ ಮಾಡಿದರೆ ಮುಂದೆಂದೂ ಕೂಡದಂತೆ ಮನಸ್ಸು ಮುರಿಯಲೂ ಅದಕ್ಕಿಂತ ಕೆಟ್ಟ ಸಮಯವಿಲ್ಲ. ಉಪವಾಸದ ನಿಶ್ಶಕ್ತಿಯು ಇನ್ನೂ ಪೂರ್ಣ ತೀರುವ ಮೊದಲೇ ಗಾಂಧಿಯವರು ಕಲಕತ್ತೆಗೆ ಹೋಗಿ ದಾಸರ ಪಕ್ಕದಲ್ಲಿ ನಿಂತರು.

ನವೆಂಬರ್ 6ರಂದು ಗಾಂಧಿ, ದಾಸ, ಮೋತಿಲಾಲ ಈ ಮೂವರ ಸಹಿಯಿಂದ ಒಂದು ಒಪ್ಪಂದವು ಹೊರಬಿದ್ದಿತು. ವಿದೇಶಿ ಬಟ್ಟೆಯ ತ್ಯಾಗವೊಂದನ್ನುಳಿದು ಅಸಹಕಾರವನ್ನು ರಾಷ್ಟ್ರದ ಕಾರ್ಯಕ್ರಮವಾಗಿ ನಡೆಸುವುದನ್ನು ತಾತ್ಕಾಲಿಕವಾಗಿ ನಿಲ್ಲಿಸತಕ್ಕದ್ದು. ಶಾಸನಸಭೆಗಳಲ್ಲಿಯ ಕಾರ್ಯವನ್ನು ಕಾಂಗ್ರೆಸಿನ ಪರವಾಗಿ ಸ್ವರಾಜ್ಯ ಪಕ್ಷವೇ ನಡೆಸತಕ್ಕದ್ದು. ಕಾಂಗ್ರೆಸಿನ ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲನ್ನು ಕೊಡತಕ್ಕದ್ದು. ತಾನೇ ನೂಲಲಾರದವನು ಅಥವಾ ನೂಲಲು ಮನಸ್ಸಿಲ್ಲದವನು ಬೇರೊಬ್ಬರಿಂದ ನೂಲನ್ನು ಕೊಂಡು ಕೊಡಬಹುದು. ಅಹಮದಾಬಾದಿನ ಠರಾವನ್ನೂ ಈ ಒಪ್ಪಂದವನ್ನೂ ಜೊತೆಯಲ್ಲಿಟ್ಟು ನೋಡಿದರೆ ಆ ನಡುವಣ ನಾಲ್ಕು ತಿಂಗಳಲ್ಲಿ ಅವರು ಕಲಿತುದೇನೆಂಬುದು ಗೊತ್ತಾಗುತ್ತದೆ. ನೂಲು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಅಲ್ಲಿ ಅದು ಒಬ್ಬನನ್ನು ಹೊರಗಟ್ಟುವ ಅಳತೆಗೋಲಾಗಿತ್ತು. ಇಲ್ಲಿ ಮನಸ್ಸಿಲ್ಲದವನೂ ಒಳಗೆ ಉಳಿಯುವಂತೆ ಬಾಗಿಲು ತೆರೆದಿದೆ.

ಎದುರುಪಕ್ಷದೊಡನೆ ಸಂಧಿಯಾಯಿತು. ಆದರೆ ಮುಂದಾಳಿಗೆ ಹೆಚ್ಚು ಕಷ್ಟದ ಸಂಭಾಷಣೆಯು ಎದುರುಪಕ್ಷದೊಡನೆ ನಡೆಯುವುದಲ್ಲ, ತನ್ನವರೊಡನೆ ನಡೆಯುವುದು. ಎರಡು ವರ್ಷಗಳ ಕಾಲ ಗಾಂಧಿಯವರ ಹೆಸರಿನಲ್ಲಿಯೇ ಶಾಸನಸಭಾ ಪ್ರವೇಶವನ್ನು ವಿರೋಧಿಸಿ, ಮಿತ್ರರನ್ನು ಕಳೆದುಕೊಂಡು, ನಿಂದೆಯನ್ನು ಸಹಿಸಿ ನಿಂತವರಿಗೆ, ಆ ಗಾಂಧಿಯವರೇ ಅಸಹಕಾರವನ್ನು ನಿಲ್ಲಿಸುವ ಕಾಗದಕ್ಕೆ ಸಹಿ ಹಾಕಿದರೆಂಬ ಸುದ್ದಿಯು ಹೇಗಾಗಿರಬೇಡ! ನಂಬಿದವನಿಗಾಗುವ ಈ ನೋವನ್ನು ಅನೇಕ ಮುಂದಾಳುಗಳು ಎಣಿಸುವುದೇ ಇಲ್ಲ. ವೈರಿಯೊಡನೆ ಕೈಕುಲುಕುವ ಸಂತೋಷದಲ್ಲಿ ಬೆನ್ನಹಿಂದೆ ನಿಂತವರ ಮುಖವನ್ನು ನೋಡಲು ಮರೆಯುತ್ತಾರೆ. ಹೀಗೆ ಮರೆತಲ್ಲಿ ಹಳೆಯ ಒಡಕು ಮುಚ್ಚಿ ಹೊಸದೊಂದು ತೆರೆಯುತ್ತದೆ.

ಗಾಂಧಿಯವರು ಇದನ್ನು ಮರೆಯಲಿಲ್ಲ. ಒಪ್ಪಂದವನ್ನು ನೇರವಾಗಿ ಮಹಾಧಿವೇಶನಕ್ಕೆ ತಂದು ಜಯಘೋಷದಲ್ಲಿ ಪಾಸು ಮಾಡಿಸುವ ಬದಲು, ಪತ್ರಿಕೆಯಲ್ಲಿ ಅದರ ಕಾರಣಗಳನ್ನು ವಿವರಿಸಿ ಬರೆದರು. ನವೆಂಬರ್ ಕೊನೆಯಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಸಮಿತಿಯ ಮುಂದೆ ಅದನ್ನಿಟ್ಟು ಒಪ್ಪಿಗೆ ಪಡೆದರು. ಆಮೇಲೆಯೇ ಅದು ಬೆಳಗಾವಿಗೆ ಬಂದಿತು. ತಮ್ಮವರಿಗೆ ಅವರು ಹೇಳಿದುದರ ಸಾರವಿಷ್ಟು: ನಂಬಿಕೆಯನ್ನು ಬಿಡಬೇಕೆಂದು ಯಾರಿಗೂ ಕೇಳಿಲ್ಲ, ಅಧಿಕಾರವನ್ನು ಬಿಡಬೇಕೆಂದು ಮಾತ್ರ ಕೇಳಲಾಗಿದೆ. ನಿಮ್ಮ ನಂಬಿಕೆಯನ್ನು ಹಳ್ಳಿಯಲ್ಲಿ ನೂಲಿನಿಂದ ಮಾಡಿ ತೋರಿಸಿರಿ, ಸಭೆಯಲ್ಲಿ ಮತದಿಂದ ಬೇಡ.

ಬೆಳಗಾವಿಯ ಅಧಿವೇಶನದ ವ್ಯವಸ್ಥೆಯು ಕರ್ನಾಟಕದ ಸಿಂಹವೆಂದು ಹೆಸರಾದ ಗಂಗಾಧರರಾವ ದೇಶಪಾಂಡೆಯವರ ಮುಂದಾಳುತನದಲ್ಲಿ ನಡೆಯಿತು. ಡಾಕ್ಟರ್ ನಾ. ಸು. ಹರ್ಡೀಕರರು ಸ್ವಯಂಸೇವಕರನ್ನು ನಡೆಸಿದರು. ಅಧಿವೇಶನದ ನಗರಕ್ಕೆ ವಿಜಯನಗರವೆಂದು ಹೆಸರಿಟ್ಟು, ನೀರಿಗಾಗಿ ತೋಡಿದ ದೊಡ್ಡ ಬಾವಿಯನ್ನು ಪಂಪಾಸರೋವರವೆಂದು ಕರೆದರು. ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಅದು ಇಂದಿಗೂ ಉಳಿದಿದೆ. ಅಲ್ಲಿ ಅಧ್ಯಕ್ಷಪೀಠದಲ್ಲಿ ಕುಳಿತವರು ಒಂದು ಪಕ್ಷದ ಗುರುವಾಗಿದ್ದರೂ ಎರಡು ಪಕ್ಷಗಳ ಕಾವಲುಗಾರರಾಗಿ ನಡೆದುಕೊಂಡರು. ಒಪ್ಪಂದವನ್ನು ಮಹಾಸಭೆಯು ಸ್ವೀಕರಿಸಿತು. ಗಯೆಯಲ್ಲಿ ಬೇರೆಯಾಗಿದ್ದವರು ಎರಡು ವರ್ಷಗಳ ತರುವಾಯ ಬೆಳಗಾವಿಯ ಮಂಟಪದಲ್ಲಿ ಒಂದೇ ಠರಾವಿನ ಕೆಳಗೆ ಕುಳಿತರು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಹರಿಕಥೆಯಂತೆ ಮಂಗಳದಲ್ಲಿ ಮುಗಿಯುತ್ತದೆ. ಸತ್ಯಕ್ಕೆ ಅಷ್ಟು ಅವಸರವಿಲ್ಲ. ಬೆಳಗಾವಿಯಲ್ಲಿ ಸ್ವೀಕರಿಸಿದ ನೂಲಿನ ನಿಯಮವು ಒಂದು ವರ್ಷವೂ ನಿಲ್ಲಲಿಲ್ಲ. ಅದು ನಡೆಯುವುದಿಲ್ಲವೆಂದು ಕಂಡಾಗ ಗಾಂಧಿಯವರು ಕಾಗದವನ್ನು ಹಿಡಿದುಕೊಂಡು ಜಗ್ಗಲಿಲ್ಲ. 1925ರ ಜೂನ್ 16ರಂದು ದಾರ್ಜಿಲಿಂಗಿನಲ್ಲಿ ದಾಸರು ತೀರಿಕೊಂಡರು. ಅದಕ್ಕೆ ಕೆಲವೇ ದಿನಗಳ ಹಿಂದೆ ಗಾಂಧಿಯವರು ಅವರ ಬಳಿ ಹೋಗಿ ಇದ್ದು ಬಂದಿದ್ದರು. ಕಲಕತ್ತೆಯಲ್ಲಿ ಅವರ ಅಂತ್ಯಯಾತ್ರೆಯಲ್ಲಿ ನಡೆದರು. ಅವರ ಸ್ಮಾರಕಕ್ಕಾಗಿ ಹತ್ತು ಲಕ್ಷ ರೂಪಾಯಿಗಳ ನಿಧಿಯನ್ನು ಕೂಡಿಸಲು ಬಂಗಾಲದಲ್ಲಿಯೇ ನಿಂತರು. ಜುಲೈ ತಿಂಗಳಲ್ಲಿ ಮೋತಿಲಾಲರಿಗೆ ಪತ್ರ ಬರೆದು, ಒಪ್ಪಂದದ ಹೊಣೆಯಿಂದ ಸ್ವರಾಜ್ಯ ಪಕ್ಷವನ್ನು ಬಿಡುಗಡೆ ಮಾಡಿದರು. ಸೆಪ್ಟೆಂಬರಿನಲ್ಲಿ ಪಾಟನೆಯಲ್ಲಿ ಸೇರಿದ ಸಮಿತಿಯು ನೂಲು ಅಥವಾ ನಾಲ್ಕಾಣೆ, ಯಾವುದನ್ನಾದರೂ ಕೊಡಬಹುದೆಂದು ಗೊತ್ತುಪಡಿಸಿ, ರಾಜಕೀಯ ಕಾರ್ಯವನ್ನು ಸ್ವರಾಜ್ಯ ಪಕ್ಷಕ್ಕೆ ಒಪ್ಪಿಸಿತು. ಖಾದಿಯ ಕಾರ್ಯಕ್ಕೆ ಅಖಿಲ ಭಾರತ ಚರಕಾ ಸಂಘವೆಂಬ ಬೇರೆ ಸಂಸ್ಥೆಯೇ ಹುಟ್ಟಿತು. ಒಂದೇ ಒಲೆಯ ಮೇಲೆ ಎರಡು ಅಡಿಗೆಗಳು ಕೆಡುವ ಹಾಗಿದ್ದರೆ, ಎರಡನ್ನೂ ಮನೆಯೊಳಗೇ ಬೇರೆ ಬೇರೆ ಒಲೆಗಳ ಮೇಲೆ ಮರ್ಯಾದೆಯಿಂದ ಇಡುವುದೂ ಒಂದು ಒಪ್ಪಂದವೇ. 1923ರಲ್ಲಿ ಎರಡು ಒಲೆಗಳಿದ್ದುದು ಮುನಿಸಿನಿಂದ. 1925ರಲ್ಲಿ ಅವು ಇದ್ದುದು ಒಪ್ಪಿಗೆಯಿಂದ.

ಗಾಂಧಿಯವರು ಶರಣಾಗತರಾದರೆಂದು ಆಗಲೇ ಆಕ್ಷೇಪಿಸಿದವರುಂಟು. ಹೀಗೆ ಬಿಟ್ಟುಕೊಡುತ್ತ ಹೋದರೆ ಮುಂದಾಳಿಗೆ ಉಳಿಯುವುದೇನು ಎಂಬ ಪ್ರಶ್ನೆಯು ಯೋಗ್ಯವಾದುದೇ. ಉತ್ತರವು ಆ ವರ್ಷದ ಲೆಕ್ಕದಲ್ಲಿಯೇ ಇದೆ. ಶಿಕ್ಷೆಯ ನಿಯಮವನ್ನು ಬಿಟ್ಟರು, ಸಮಿತಿಗಳ ಮೇಲಿನ ಹಿಡಿತವನ್ನು ಬಿಟ್ಟರು, ತಾವೇ ಬರೆದ ಒಪ್ಪಂದವನ್ನೂ ಕಾಲ ಬಂದಾಗ ಬಿಟ್ಟರು. ಆದರೆ ಕೊಲೆಯನ್ನು ಖಂಡಿಸುವ ಠರಾವನ್ನು, ಎಂಟೇ ಮತಗಳ ಆಧಾರದ ಮೇಲೆ ನಿಂತಿದ್ದರೂ, ಬಿಡಲಿಲ್ಲ. ಅಲ್ಲಿ ದಾಸರೊಡನೆಯ ಸ್ನೇಹವನ್ನೂ ಅವರು ಅಡ್ಡ ತರಲಿಲ್ಲ. ಸಾಧನವಾದುದನ್ನು ಬಿಡಬಹುದು, ಪ್ರಾಣವಾದುದನ್ನು ಬಿಡಬಾರದು; ಯಾವುದು ಸಾಧನ, ಯಾವುದು ಪ್ರಾಣ ಎಂಬ ವಿವೇಕವಿಲ್ಲದವನು ಎರಡು ರೀತಿಯಲ್ಲಿಯೂ ಕೆಡುತ್ತಾನೆ. ಎಲ್ಲವನ್ನೂ ಪ್ರಾಣವೆಂದು ಹಿಡಿದವನು ಸಂಸ್ಥೆಯನ್ನು ಒಡೆಯುತ್ತಾನೆ. ಎಲ್ಲವನ್ನೂ ಸಾಧನವೆಂದು ಬಿಟ್ಟವನು ಸಂಸ್ಥೆಯನ್ನು ಬರಿದುಮಾಡುತ್ತಾನೆ.

ಇದರಿಂದ ಎಲ್ಲ ಕಲಹಗಳೂ ತೀರಿದವೆಂದೂ ತಿಳಿಯಬೇಕಾಗಿಲ್ಲ. ದಾಸರ ತರುವಾಯ ಸ್ವರಾಜ್ಯ ಪಕ್ಷದೊಳಗೇ ಒಡಕು ಹುಟ್ಟಿ, ಕೇಳಕರ, ಜಯಕರ ಮೊದಲಾದವರು ಬೇರೆಯಾದರು. ಕೂಡಿಸಿದ ಮನಸ್ಸುಗಳನ್ನು ಮತ್ತೆ ಮತ್ತೆ ಕೂಡಿಸುತ್ತಲೇ ಇರಬೇಕು. ಹೊಲದ ಕಳೆಯನ್ನು ಒಮ್ಮೆ ತೆಗೆದ ಒಕ್ಕಲಿಗನು ಮುಂದಿನ ಮಳೆಗೆ ಅದು ಬಾರದೆಂದು ಕುಂಟೆಯನ್ನು ಮಾರುವುದಿಲ್ಲ.

ಇಂತಹ ದೊಡ್ಡವರ ಕಥೆಯಿಂದ ಸಣ್ಣ ಸಭೆಗಳಿಗೇನು ಪ್ರಯೋಜನವೆಂದು ಕೆಲವರಿಗನಿಸಬಹುದು. ಊರಿನ ಪಂಚರಿಗೂ, ಪಾಠಶಾಲೆಯ ಆಡಳಿತ ಮಂಡಲಿಗೂ, ಪ್ರಸಾದನಿಲಯದ ವ್ಯವಸ್ಥಾಪಕರಿಗೂ, ಜಾತ್ರೆಯ ಕಮಿಟಿಗೂ ಬರುವ ಇಕ್ಕಟ್ಟು ಗಾತ್ರದಲ್ಲಿ ಚಿಕ್ಕದು, ಜಾತಿಯಲ್ಲಿ ಒಂದೇ. ರಥವು ಯಾವ ಓಣಿಯಲ್ಲಿ ಹೋಗಬೇಕೆಂಬ ಮಾತಿನಿಂದ ಎರಡು ತಲೆಮಾರುಗಳವರೆಗೆ ಮುಖ ನೋಡದ ಮನೆತನಗಳಿರುವ ಊರುಗಳುಂಟು. ಅಂತಹ ಕಡೆ ಮುಂದಾಳು ಮೊದಲು ಮಾಡತಕ್ಕುದು, ದೂರು ಹೇಳಿದವನ ಬಾಯಿಂದಲೇ ಎರಡೂ ಕಡೆಯ ಕಥೆಯನ್ನು ಕೇಳಿ ತೃಪ್ತನಾಗದೆ ಎದ್ದು ಇನ್ನೊಬ್ಬನ ಮನೆಗೆ ಹೋಗುವುದು. ಸಭೆಗೆ ಬಾರದೆ ಉಳಿದವನನ್ನು ಗೈರುಹಾಜರಿಯೆಂದು ಬರೆದು ಮುಗಿಸದೆ, ಅವನು ಬಂದಿದ್ದರೆ ಏನು ಹೇಳುತ್ತಿದ್ದನೆಂದು ಯೋಚಿಸುವುದು. ಗೊತ್ತುವಳಿಯನ್ನು ಬರೆಯುವಾಗ ಸೋತವನೂ ಓದಿ ತಲೆಯೆತ್ತಿ ನಡೆಯಬಹುದಾದ ಮಾತುಗಳಲ್ಲಿ ಬರೆಸುವುದು. ತನ್ನ ಬೆಂಬಲಿಗರು ಎದುರಿನವರನ್ನು ಹೀಯಾಳಿಸಿದಾಗ ನಕ್ಕು ಸುಮ್ಮನಾಗದೆ ಅಲ್ಲಿಯೇ ತಡೆಯುವುದು. ಅಂತಹ ಸಮಯದಲ್ಲಿ ಮುಂದಾಳಿನ ಮೌನವು ಅಪ್ಪಣೆಯೆಂದೇ ಎಣಿಸಲ್ಪಡುತ್ತದೆ. ಇವು ಯಾವುವೂ ವಿದ್ವತ್ತನ್ನು ಬೇಡುವ ಕೆಲಸಗಳಲ್ಲ, ತಾಳ್ಮೆಯನ್ನು ಬೇಡುವ ಕೆಲಸಗಳು.

ಕೇಳುವುದು ಮಾತನಾಡುವುದಕ್ಕಿಂತ ದುಬಾರಿಯಾದ ಸೇವೆ. ಮಾತನಾಡುವವನು ತನ್ನಲ್ಲಿರುವುದನ್ನು ಕೊಡುತ್ತಾನೆ. ಕೇಳುವವನು ತನ್ನಲ್ಲಿರುವುದನ್ನು ಕಳೆದುಕೊಳ್ಳಲು ಸಿದ್ಧನಾಗಿರಬೇಕಾಗುತ್ತದೆ. ದಾಸೋಹವೆಂಬ ಶಬ್ದದ ಅರ್ಥವನ್ನು ಬಲ್ಲವರಿಗೆ ಇದು ಹೊಸತಲ್ಲ. ಅನ್ನವನ್ನು ನೀಡುವಾಗ ಕುಳಿತವನ ಹಸಿವನ್ನು ನೋಡಿ ನೀಡುವಂತೆ, ಮಾತನ್ನು ನೀಡುವಾಗಲೂ ಕ��ಳುವವನ ಮನಸ್ಸನ್ನು ನೋಡಿ ನೀಡಬೇಕು.

ಈ ಮಠದ ನೆರಳಿನಲ್ಲಿ ಮುಂದೆ ಸೇರುವ ಸಭೆಗಳಲ್ಲಿಯೂ ಭಿನ್ನಮತಗಳು ಬರಲಿವೆ. ಬಾರದಿದ್ದರೆ ಇಲ್ಲಿ ಯೋಚಿಸುವವರಿಲ್ಲವೆಂದೇ ತಿಳಿಯಬೇಕಾದೀತು. ಅವು ಬಂದಾಗ, ಗೆದ್ದ ದಿನದಲ್ಲಿ ಸೋತವರ ಆಸನಗಳ ಕಡೆಗೆ ಒಮ್ಮೆ ತಿರುಗಿ ನೋಡುವ ಮುಂದಾಳುಗಳು ಈ ಸಂಸ್ಥೆಗೆ ಎಂದೆಂದಿಗೂ ದೊರೆಯಲಿ. ಪೂಜ್ಯ ಸ್ವಾಮಿಗಳವರ ಆಶೀರ್ವಾದವು ಸರ್ವರ ಮೇಲೂ ಇರಲಿ.